ಕೊಳ್ಳುವವರು ಕೇಳಬೇಕಾದದ್ದು



ನ್ಯಾಯಬೆಲೆ ಅಂಗಡಿಯ ಗೋಡೆಗೆ ಆನಿಸಿ ಪೇರಿಸಿದ ಗೋಣಿಚೀಲಗಳನ್ನು ನೀವೆಲ್ಲ ನೋಡಿದ್ದೀರಿ. 50 ಕಿಲೋ ರಾಗಿಯೋ ಅಕ್ಕಿಯೋ ತುಂಬಿ ಬಾಯಿ ಹೊಲಿದ ಚೀಲಗಳು. ಪ್ಲಾಸ್ಟಿಕ್ ಚೀಲ ಇದಕ್ಕಿಂತ ಅಗ್ಗ, ಹಗುರ. ಸಿಮೆಂಟು, ರಸಗೊಬ್ಬರ, ಹಿಂಡಿ, ಬೂಸಾ ಎಲ್ಲವೂ ಅದರಲ್ಲೇ ಬರುತ್ತಿವೆ. ಹಾಗಿದ್ದೂ ಸರ್ಕಾರ ಕೊಳ್ಳುವ ಕಾಳು ಮಾತ್ರ ಸೆಣಬಿನ ಚೀಲವನ್ನು ಬಿಟ್ಟಿಲ್ಲ. ಯಾಕೆ? 1987ರಲ್ಲಿ ಸಂಸತ್ತು ಸೆಣಬಿನ ಚೀಲಗಳ ಕಡ್ಡಾಯ ಬಳಕೆಗೆಂದೇ ಒಂದು ಕಾನೂನು ಮಾಡಿತು. ಅದರ ಅಡಿಯಲ್ಲಿ ಈಚಿನ ವರ್ಷಗಳಲ್ಲಿ ಹೊರಟ ಆದೇಶಗಳ ಪ್ರಕಾರ ಆಹಾರಧಾನ್ಯ ಶೇ. 100ರಷ್ಟು, ಸಕ್ಕರೆ ಶೇ. 20ರಷ್ಟು ಸೆಣಬಿನ ಚೀಲದಲ್ಲೇ ತುಂಬಬೇಕು. ಚೀಲ ಸಾಲದ ವರ್ಷಗಳಲ್ಲಿ ಸಡಿಲಿಕೆ ಕೊಟ್ಟದ್ದೂ ಉಂಟು. ಆದರೆ ಕಾನೂನು ಉಳಿದಿದೆ. ಅದು ಉಳಿದಿರುವುದರಿಂದಲೇ ಬಂಗಾಳ, ಬಿಹಾರ, ಅಸ್ಸಾಮಿನ ರೈತರು ಸೆಣಬು ಬಿತ್ತುತ್ತಿದ್ದಾರೆ, ಹೂಗ್ಲಿ ನದಿಯ ದಡದ ಗಿರಣಿಗಳು ಉಸಿರಾಡುತ್ತಿವೆ. ಚೀಲ ಹರಿದು ಬಿಸಾಡಿದರೆ ಮಣ್ಣಿನಲ್ಲಿ ಕೊಳೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅದನ್ನು ಅಷ್ಟು ಬೇಗ ಬಿಸಾಡುವವರೂ ಕಡಿಮೆ.

1987ರಲ್ಲಿ 'ಸುಸ್ಥಿರ ಖರೀದಿ' ಅಂತ ಯಾರೂ ಹೇಳುತ್ತಿರಲಿಲ್ಲ. ಕಾನೂನಿನ ಹಿಂದೆ ಇದ್ದದ್ದು ಸೆಣಬು ಬೆಳೆಗಾರರ ಮತ್ತು ಗಿರಣಿ ಕಾರ್ಮಿಕರ ಹೊಟ್ಟೆಪಾಡು. ಇವತ್ತು ಆ ಹೆಸರಿನಲ್ಲಿ ದೊಡ್ಡ ದೊಡ್ಡ ಸಮ್ಮೇಳನಗಳಲ್ಲಿ ಹೇಳುವ ಮಾತು ಸಾರದಲ್ಲಿ ಇಷ್ಟೆ: ಕೊಳ್ಳುವಾಗ ಬೆಲೆಯೊಂದನ್ನೇ ಕೇಳಬೇಡಿ. ಸರಕು ಎಲ್ಲಿಂದ ಬಂತು, ಯಾರು ಮಾಡಿದರು, ಬಳಸುವಷ್ಟು ಕಾಲ ಅದಕ್ಕೆ ಏನು ಖರ್ಚು, ಬಳಸಿ ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಿ.

ನೀವು ನಾನು ಸಂತೆಯಲ್ಲಿ ಇದನ್ನು ಕೇಳಿದರೆ ಅಂಗಡಿಯವರು ನಗಬಹುದು. ಸರ್ಕಾರ ಕೇಳಿದರೆ ನಗಲಾರರು. ದೇಶದ ಒಟ್ಟು ಆಂತರಿಕ ಉತ್ಪನ್ನದಲ್ಲಿ ಸುಮಾರು ಐದನೇ ಒಂದು ಭಾಗ ಸರ್ಕಾರಗಳು ಮತ್ತು ಸರ್ಕಾರಿ ಸಂಸ್ಥೆಗಳು ಮಾಡುವ ಖರೀದಿಯೇ ಎಂಬುದು ಎಲ್ಲರೂ ಬಳಸುವ ಅಂದಾಜು. ಇಷ್ಟು ದೊಡ್ಡ ಗಿರಾಕಿ ಏನು ಕೇಳುತ್ತಾನೋ ಮಾರುಕಟ್ಟೆ ಅದನ್ನೇ ತಯಾರಿಸುತ್ತದೆ.

ಚೀಲ ಬಿಟ್ಟು ಒಳಗಿನ ಕಾಳಿಗೆ ಬನ್ನಿ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮ ಕರ್ನಾಟಕ. ಆದರೂ ಬಹುಕಾಲ ರೇಷನ್ ಅಂದರೆ ಅಕ್ಕಿ, ಗೋಧಿ ಅಂತಲೇ ಆಗಿತ್ತು. ಮುದ್ದೆ ಉಣ್ಣುವ ಮನೆಗೂ ಅಕ್ಕಿಯೇ ಹೋಗುತ್ತಿತ್ತು. ಸರ್ಕಾರ ಕೊಳ್ಳದ ಬೆಳೆಯನ್ನು ರೈತ ಎಷ್ಟು ದಿನ ಬೆಳೆದಾನು? ಆಮೇಲೆ ರಾಜ್ಯ ಸರ್ಕಾರ ಬೆಂಬಲ ಬೆಲೆಯಲ್ಲಿ ರಾಗಿ ಕೊಂಡು ದಕ್ಷಿಣದ ಜಿಲ್ಲೆಗಳ ಪಡಿತರಕ್ಕೆ, ಜೋಳ ಕೊಂಡು ಉತ್ತರದ ಜಿಲ್ಲೆಗಳ ಪಡಿತರಕ್ಕೆ ಕೊಡಲು ಶುರುಮಾಡಿತು. 2013-14ರಲ್ಲಿ ಕ್ವಿಂಟಲ್ ರಾಗಿಗೆ 1,500 ರೂಪಾಯಿ ಇದ್ದ ಬೆಂಬಲ ಬೆಲೆ 2025-26ಕ್ಕೆ 4,886 ರೂಪಾಯಿ ಆಗಿದೆ. ಕೊಯ್ಲು ಮುಗಿದ ಮೇಲೆ ತುಮಕೂರು, ಹಾಸನ, ಮಂಡ್ಯ ಕಡೆಯ ಎಪಿಎಂಸಿ ಅಂಗಳಗಳಿಗೆ ಹೋಗಿ ನೋಡಿ: ಟ್ರ್ಯಾಕ್ಟರ್‌ಗಳ ಸಾಲು, ಫ್ರೂಟ್ಸ್ ಐಡಿ ಎಂಬ ನೋಂದಣಿ ಸಂಖ್ಯೆ ಹಿಡಿದು ನಿಂತ ರೈತರು, ಕಾಳಿನಲ್ಲಿ ಕಸ ಎಷ್ಟು, ತೇವ ಎಷ್ಟು ಎಂಬ ಚೌಕಾಸಿ. ಬಿಲ್ಲು ತಡವಾಯಿತೆಂಬ ಗೊಣಗಾಟವೂ ಅಲ್ಲೇ. ಇಷ್ಟೆಲ್ಲ ತಾಪತ್ರಯದ ನಡುವೆಯೂ ಆ ಸಾಲಿನಲ್ಲಿ ನಿಂತವನಿಗೆ ಒಂದು ಗೊತ್ತಿದೆ: ಬೆಳೆದ ರಾಗಿಗೆ ಗಿರಾಕಿ ಇದ್ದಾನೆ. ಭತ್ತ, ಕಬ್ಬಿನ ಹಾಗೆ ನೀರು ಬೇಡದ, ಮಳೆಯ ನಂಬಿಕೆಯಲ್ಲೇ ಬರುವ ಬೆಳೆ ಉಳಿಯಲು ಭಾಷಣಕ್ಕಿಂತ ಆ ಸಾಲು ಹೆಚ್ಚು ಕೆಲಸ ಮಾಡುತ್ತದೆ.

ಕ್ಷೀರಭಾಗ್ಯವೂ ಇದೇ ಜಾತಿಯದು. 2013ರ ಆಗಸ್ಟ್ 1ರಂದು ಶುರುವಾದ ಯೋಜನೆ. ಶಾಲೆಯ ಮಕ್ಕಳ ಲೋಟಕ್ಕೆ 150 ಮಿಲಿಲೀಟರ್ ಹಾಲು ಬಂತು. ಹಾಲು ಹೆಚ್ಚಾಗಿ ಪುಡಿ ಮಾಡಿಟ್ಟು ಕೂರಬೇಕಾಗಿದ್ದ ಸಹಕಾರಿ ಒಕ್ಕೂಟಗಳಿಗೆ ನಿಶ್ಚಿತ ಗಿರಾಕಿ ಸಿಕ್ಕಿತು.

ಇನ್ನು ಎಲ್‌ಇಡಿ ಬಲ್ಬಿನ ಕಥೆ. ಸರ್ಕಾರಿ ಖರೀದಿ ಮಾರುಕಟ್ಟೆಯನ್ನು ಹೇಗೆ ಅಲ್ಲಾಡಿಸಬಲ್ಲದು ಎಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿಗಳು ಸೇರಿ ಕಟ್ಟಿದ ಇಇಎಸ್‌ಎಲ್ ಎಂಬ ಸಂಸ್ಥೆ 2014ರಲ್ಲಿ ಎಲ್‌ಇಡಿ ಬಲ್ಬುಗಳನ್ನು ಸಗಟಾಗಿ ಕೊಳ್ಳಲು ಹೊರಟಾಗ ಒಂದು ಬಲ್ಬಿಗೆ ಬಂದ ದರ 310 ರೂಪಾಯಿ. 2015ರ ಜನವರಿಯಲ್ಲಿ ಆ ಬಲ್ಬು ಹಂಚುವ ಉಜಾಲಾ ಯೋಜನೆ ದೇಶಕ್ಕೆಲ್ಲ ಎಂದು ಶುರುವಾಯಿತು. ನಮ್ಮಲ್ಲಿ ಅದಕ್ಕೆ 'ಹೊಸ ಬೆಳಕು' ಎಂದು ಹೆಸರಿಟ್ಟರು. ಕರೆಂಟ್ ಬಿಲ್ಲು ತೋರಿಸಿ 100 ರೂಪಾಯಿ ಕೊಟ್ಟು 9 ವ್ಯಾಟಿನ ಬಲ್ಬು ತಂದವರು ಈ ಭಾಷಣ ಕೇಳುತ್ತಿರುವವರಲ್ಲೇ ಬಹಳ ಜನ ಇರಬೇಕು. ಪ್ರತಿ ಸಲ ಟೆಂಡರ್ ಕರೆದಾಗಲೂ ಬೇಡಿಕೆ ಕೋಟಿಗಳ ಲೆಕ್ಕದಲ್ಲಿ. ಇಷ್ಟು ಮಾಲು ಹೋಗುತ್ತದೆಂದು ಖಾತ್ರಿಯಾದ ಮೇಲೆ ಕಾರ್ಖಾನೆಗಳು ಹೊಸ ಯಂತ್ರ ಹಾಕಿದವು, ದರ ಇಳಿಸಿದವು. ಕೆಲವೇ ವರ್ಷಗಳಲ್ಲಿ ಸರ್ಕಾರ ಕೊಳ್ಳುವ ದರ 38 ರೂಪಾಯಿಗೆ ಬಂತು. ಯೋಜನೆಯಲ್ಲಿ ಹಂಚಿದ್ದು 36 ಕೋಟಿಗೂ ಹೆಚ್ಚು ಬಲ್ಬು. ಅದಕ್ಕಿಂತ ದೊಡ್ಡದು ಯೋಜನೆಯ ಹೊರಗೆ ಆದದ್ದು: ಮೂಲೆಯ ಕಿರಾಣಿ ಅಂಗಡಿಯಲ್ಲೂ ಎಲ್‌ಇಡಿಯ ಬೆಲೆ ಇಳಿದು, ಹಳೆಯ ಗುಂಡು ಬಲ್ಬು ಕಪಾಟಿನ ಹಿಂದಕ್ಕೆ ಸರಿಯಿತು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇಇಎಸ್‌ಎಲ್ ಕೂಡ ಅತಿ ಕಡಿಮೆ ದರವನ್ನೇ ಹುಡುಕಿತು. ಆದರೆ ಯಾವ ವಸ್ತುವಿಗೆ ಕಡಿಮೆ ದರ ಎಂಬುದನ್ನು ಮೊದಲು ನಿಗದಿ ಮಾಡಿಕೊಂಡಿತು. ಇಷ್ಟೇ ವ್ಯಾಟ್, ಇಷ್ಟು ಬೆಳಕು, ಕೆಟ್ಟರೆ ಮೂರು ವರ್ಷದವರೆಗೆ ಬದಲಿಸಿ ಕೊಡಬೇಕು. ಈ ಷರತ್ತು ಇಲ್ಲದೆ ಬರೀ 'ಬಲ್ಬು ಬೇಕು, ಕಡಿಮೆ ದರ ಹೇಳಿ' ಎಂದಿದ್ದರೆ ಬರುತ್ತಿದ್ದದ್ದು 10 ರೂಪಾಯಿಯ ಗುಂಡು ಬಲ್ಬು.

ನಮ್ಮ ಕಚೇರಿಗಳಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಅದೇ. ಒಂದು ಫ್ಯಾನಿನ ಲೆಕ್ಕ ಹಾಕೋಣ. ಪೆನ್ನು ಕಾಗದ ಇದ್ದರೆ ಬರೆದುಕೊಳ್ಳಿ. ಮಾಮೂಲಿ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಬೆಲೆ 1,500 ರೂಪಾಯಿ ಅನ್ನೋಣ. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನು ಎಳೆಯುವುದು 30 ವ್ಯಾಟ್ ಆಸುಪಾಸು, ಬೆಲೆ 3,000 ಅನ್ನೋಣ. ಕಚೇರಿಯಲ್ಲಿ ದಿನಕ್ಕೆ 10 ಗಂಟೆ, ವರ್ಷಕ್ಕೆ 250 ದಿನ ತಿರುಗಿದರೆ 2,500 ಗಂಟೆ. ಮಾಮೂಲಿ ಫ್ಯಾನಿಗೆ 187 ಯೂನಿಟ್, ಇನ್ನೊಂದಕ್ಕೆ 75 ಯೂನಿಟ್. ವ್ಯತ್ಯಾಸ 112 ಯೂನಿಟ್. ಯೂನಿಟ್ಟಿಗೆ 7 ರೂಪಾಯಿಯಂತೆ ವರ್ಷಕ್ಕೆ 784 ರೂಪಾಯಿ. ಎರಡೇ ವರ್ಷಕ್ಕೆ ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್. ಫ್ಯಾನು 10 ವರ್ಷ ಬಾಳಿದರೆ, 100 ಫ್ಯಾನು ಇರುವ ಕಚೇರಿಗೆ ಉಳಿಯುವುದು 6 ಲಕ್ಷಕ್ಕೂ ಮಿಕ್ಕಿ.

ಹಾಗಾದರೆ ಟೆಂಡರಿನಲ್ಲಿ ಗೆಲ್ಲುವುದು ಯಾವುದು? 1,500ರ ಫ್ಯಾನು. ಅದು ಎಲ್-1.

ಈ ಎಲ್-1 ಕಚೇರಿಯ ಮಂದಿಗೆಲ್ಲ ಗೊತ್ತು. ಬಂದ ದರಗಳನ್ನು ಏರಿಕೆಯ ಕ್ರಮದಲ್ಲಿ ಬರೆದಾಗ ಮೊದಲ ಸಾಲಿನಲ್ಲಿ ನಿಲ್ಲುವವನು ಎಲ್-1. ಕೆಲಸ ಅವನಿಗೆ. ಸರ್ಕಾರಿ ಅಧಿಕಾರಿಗೆ ಇಷ್ಟು ಸಣ್ಣ ಲೆಕ್ಕ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುತ್ತದೆ. ಆದರೆ ಅವರ ಸ್ಥಾನದಲ್ಲಿ ನಿಂತು ನೋಡಿ. ಫ್ಯಾನು ಕೊಳ್ಳುವ ಹಣ ಬರುವುದು ಒಂದು ಲೆಕ್ಕ ಶೀರ್ಷಿಕೆಯಿಂದ, ಕರೆಂಟ್ ಬಿಲ್ಲು ಕಟ್ಟುವುದು ಇನ್ನೊಂದರಿಂದ. ಉಳಿತಾಯವಾದರೆ ಅದರ ಹೆಸರು ಅವರಿಗೆ ಬರುವುದಿಲ್ಲ. ಹೆಚ್ಚಿನ ದರ ಕೊಟ್ಟ ಆಕ್ಷೇಪಣೆ ಮಾತ್ರ ಅವರ ಹೆಸರಿಗೇ ಬರುತ್ತದೆ. ನಾಲ್ಕು ವರ್ಷ ಕಳೆದು, ಬೇರೆ ಊರಿಗೆ ವರ್ಗವಾಗಿ ಹೋದ ಮೇಲೆ ಆಡಿಟ್ ಪ್ಯಾರಾ ಹುಡುಕಿಕೊಂಡು ಬರುತ್ತದೆ: ಎಲ್-1 ಬಿಟ್ಟು ದುಬಾರಿ ಮಾಲನ್ನು ಯಾಕೆ ಕೊಂಡಿರಿ? ನಿವೃತ್ತಿಗೆ ಹತ್ತಿರ ಇರುವ ಯಾವ ಮನುಷ್ಯ ಈ ಗಂಡಾಂತರಕ್ಕೆ ಕೈ ಹಾಕುತ್ತಾನೆ? ಅದರ ಮೇಲೆ ಮಾರ್ಚ್ ತಿಂಗಳು. 31ರೊಳಗೆ ಖರ್ಚಾಗದಿದ್ದರೆ ಅನುದಾನ ವಾಪಸ್ ಹೋಗುತ್ತದೆ ಎಂದಾಗ, ಹೋದ ವರ್ಷದ ಸ್ಪೆಸಿಫಿಕೇಶನ್ನಿನ ತಾರೀಕು ಬದಲಿಸಿ ಟೆಂಡರ್ ಕರೆಯುವುದೇ ಸುಲಭ.

ಕಡಿಮೆ ದರದ ಪದ್ಧತಿಯನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಬೇಕಾದವರಿಗೆ ಬೇಕಾದ ಹಾಗೆ ಗುತ್ತಿಗೆ ಹಂಚುತ್ತಿದ್ದ ಕಾಲವನ್ನು ಕಂಡವರು ನಾವು. ಅದಕ್ಕೆ ಕಡಿವಾಣ ಹಾಕಲೆಂದೇ ಕರ್ನಾಟಕ 1999ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ತಂದಿತು, ಪತ್ರಿಕೆಗಳಲ್ಲಿ ಕೆಟಿಪಿಪಿ ಕಾಯ್ದೆ ಎಂದು ಓದುತ್ತೀರಲ್ಲ, ಅದು. ಇಂಥ ಕಾನೂನು ಮಾಡಿದ ಮೊದಲ ಕೆಲವೇ ರಾಜ್ಯಗಳಲ್ಲಿ ನಮ್ಮದೂ ಒಂದು. ಟೆಂಡರ್ ಬಹಿರಂಗವಾಗಬೇಕು, ಆಯ್ಕೆಯ ಮಾನದಂಡ ಮೊದಲೇ ಬರೆದಿರಬೇಕು, ಕೊನೆಯ ಗಳಿಗೆಯಲ್ಲಿ ಬದಲಾಗಬಾರದು. ಇವೆಲ್ಲ ಅಲ್ಲಿಂದ ಗಟ್ಟಿಯಾದವು. ಈಗಲೂ ದೊಡ್ಡ ಗಲಾಟೆ ಏಳುವುದು ಆ ಕಾಯ್ದೆಯ 4ಜಿ ವಿನಾಯಿತಿ ಬಳಸಿ ಟೆಂಡರ್ ಇಲ್ಲದೆ ಕೆಲಸ ಕೊಟ್ಟಾಗಲೇ; ಏಳಬೇಕಾದದ್ದೇ.

ಆದರೆ ಕಾಯ್ದೆ ಎಲ್ಲೂ 'ಕಣ್ಣುಮುಚ್ಚಿ ಅಗ್ಗದ್ದನ್ನು ತೆಗೆದುಕೋ' ಎಂದು ಹೇಳಿಲ್ಲ. ಟೆಂಡರ್ ದಾಖಲೆಯಲ್ಲಿ ಬರೆದ ಮಾನದಂಡಗಳ ಮೇಲೆ ತೂಗಿ ನೋಡಿದಾಗ ಯಾವುದು ಕಡಿಮೆಯೋ ಅದನ್ನು ಆರಿಸು ಎಂಬುದು ಅದರ ಧಾಟಿ. ಹತ್ತು ವರ್ಷದ ಕರೆಂಟ್ ಖರ್ಚನ್ನೂ ಸೇರಿಸಿ ದರ ಹೋಲಿಸುತ್ತೇವೆ ಎಂದು ದಾಖಲೆಯಲ್ಲೇ ಬರೆದುಬಿಟ್ಟರೆ, 3,000ದ ಫ್ಯಾನೇ ಎಲ್-1 ಆಗುತ್ತದೆ. ಪಾರದರ್ಶಕತೆಗೂ ಭಂಗವಿಲ್ಲ, ಆಡಿಟ್ಟಿಗೂ ಉತ್ತರವಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಅಧಿಸೂಚಿತ ವಿದ್ಯುತ್ ಉಪಕರಣಗಳನ್ನು ಕೊಳ್ಳುವಾಗ ವಿದ್ಯುತ್ ಉಳಿತಾಯದ ಇಂತಿಷ್ಟು ಸ್ಟಾರ್ ಇರಲೇಬೇಕು ಎನ್ನುತ್ತವೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಇನ್ನೊಂದು ಹೆಜ್ಜೆ ಇಟ್ಟು, ಆಯ್ದ ಕಾಮಗಾರಿ ಮತ್ತು ಸೇವೆಗಳಲ್ಲಿ ಗುಣಮಟ್ಟಕ್ಕೆ ಶೇ. 30ರವರೆಗೆ ಅಂಕ ಕೊಡಬಹುದು ಎಂದಿತು. ಬಾಗಿಲು ತೆರೆದೇ ಇದೆ. ಒಳಗೆ ಕಾಲಿಡುವ ಅಧಿಕಾರಿಗೆ ಮೇಲಿನವರ ಬೆಂಬಲ ಬೇಕು. ಒಂದು ಸುತ್ತೋಲೆ, ಒಂದು ಮಾದರಿ ಟೆಂಡರ್ ದಾಖಲೆ, 'ಹೀಗೆ ಮಾಡಿದರೆ ನಿಮ್ಮ ಮೇಲೆ ಆಕ್ಷೇಪಣೆ ಇಲ್ಲ' ಎಂಬ ಲಿಖಿತ ಭರವಸೆ.

ನಿಯಮದ ಒಂದು ಸಾಲು ಬದಲಾದರೆ ಏನಾಗುತ್ತದೆ ಎನ್ನುವುದಕ್ಕೆ ಉಲ್ಟಾ ಉದಾಹರಣೆಯೂ ನಮ್ಮ ನೆಲದಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ. ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಲ್ಲಿ ಹುಟ್ಟಿದ್ದು. ರಾಷ್ಟ್ರಧ್ವಜ ತಯಾರಿಸಲು ಭಾರತೀಯ ಮಾನಕ ಬ್ಯೂರೋ ಬಿಐಎಸ್‌ನ ಮಾನ್ಯತೆ ಪಡೆದು, ದೇಶಕ್ಕೆಲ್ಲ ಬಾವುಟ ಕಳಿಸಿದ ಘಟಕ. ಭಾರತೀಯ ಮಾನಕಗಳ ಪಟ್ಟಿಯಲ್ಲಿ ಮೊಟ್ಟಮೊದಲ ಸಂಖ್ಯೆ, ಐಎಸ್ 1, ಇರುವುದೇ ರಾಷ್ಟ್ರಧ್ವಜಕ್ಕೆ. ಸ್ವತಂತ್ರ ದೇಶ ಗುಣಮಟ್ಟದ ಬಗ್ಗೆ ಯೋಚಿಸಿದಾಗ ಮೊದಲು ನೆನಪಾದದ್ದು ತನ್ನ ಬಾವುಟ. ನೂಲಿನ ದಪ್ಪ, ನೇಯ್ಗೆ, ಬಣ್ಣದ ಗಟ್ಟಿತನ, ಹೊಲಿಗೆ, ಒಂಬತ್ತು ಅಳತೆಗಳು, 24 ಅರಗಳ ಚಕ್ರ ಎರಡೂ ಬದಿಯಲ್ಲಿ ಒಂದರ ಹಿಂದೆ ಒಂದು ಸರಿಯಾಗಿ ಕೂರಬೇಕು. ಯಾವುದರಲ್ಲಿ ಕೂದಲೆಳೆ ತಪ್ಪಿದರೂ ಬಾವುಟ ತಿರಸ್ಕಾರ. ಬಟ್ಟೆ ಬರುವುದು ಧಾರವಾಡ, ಬಾಗಲಕೋಟೆ ಸೀಮೆಯ ಮಗ್ಗಗಳಿಂದ. ನೂಲುವವರು, ಹೊಲಿಯುವವರು ಬಹುತೇಕ ಹೆಣ್ಣುಮಕ್ಕಳು. ಇಷ್ಟೂ ಬದುಕು ನಿಂತಿದ್ದದ್ದು ಧ್ವಜ ಸಂಹಿತೆಯ ಒಂದು ಸಾಲಿನ ಮೇಲೆ: ಧ್ವಜ ಕೈನೂಲಿನದು, ಕೈಮಗ್ಗದ್ದು ಆಗಿರಬೇಕು.

2021ರ ಡಿಸೆಂಬರ್ 30ರಂದು ಆ ಸಾಲು ತಿದ್ದುಪಡಿಯಾಯಿತು. ಯಂತ್ರದಲ್ಲಿ ಮಾಡಿದ್ದೂ ಆಗಬಹುದು, ಪಾಲಿಯೆಸ್ಟರ್ ಕೂಡ ಆಗಬಹುದು. ಮರುವರ್ಷ ಆಗಸ್ಟಿನಲ್ಲಿ ಮನೆಮನೆಯ ಮೇಲೂ ಬಾವುಟ ಹಾರಿತು. ಬಾವುಟ ಹಾರಿಸಿದವರ ಸಂಭ್ರಮದಲ್ಲಿ ನನಗೆ ದೋಷ ಕಾಣುವುದಿಲ್ಲ. ಕೋಟಿಗಟ್ಟಲೆ ಬಾವುಟವನ್ನು ಅಷ್ಟು ಬೇಗ ಕೈಮಗ್ಗ ಕೊಡಲಾರದು ಎಂಬ ವಾದದಲ್ಲೂ ಹುರುಳಿದೆ. ಆದರೆ ಬೆಂಗೇರಿಯವರು ಬೀದಿಗಿಳಿದು ಆ ಹಳೆಯ ಸಾಲನ್ನು ವಾಪಸ್ ಕೇಳಿದ್ದು ಅನ್ಯಾಯದ ಮಾತೇನಲ್ಲ. ಮನೆಗಳ ಮಾತು ಬೇರೆ, ಸರ್ಕಾರಿ ಕಟ್ಟಡದ ಮೇಲೆ ಏರುವ ಬಾವುಟವನ್ನಾದರೂ ಖಾದಿಯದೇ ಕೊಳ್ಳುತ್ತೇವೆ ಎಂದು ಇಲಾಖೆಗಳು ತಾವಾಗಿ ಹೇಳಬಹುದಲ್ಲ? ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಇನ್ನು ಖಾಸಗಿ ಕಂಪನಿಗಳ ಕಡೆ. ಅಲ್ಲಿ ಕಥೆ ಬೇರೆ ರೀತಿಯದು, ಸ್ವಲ್ಪ ಕಹಿಯೂ ಹೌದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ಬೆಳೆಗಾರರನ್ನು ಕೇಳಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ನಮ್ಮ ರಾಜ್ಯದ್ದು. ಅದರ ದೊಡ್ಡ ಗಿರಾಕಿ ಯುರೋಪು, ಅದರಲ್ಲೂ ಇಟಲಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಬೆಳೆದ ಕಾಫಿ, ಕೋಕೋ, ರಬ್ಬರ್, ಸೋಯಾ ಇತ್ಯಾದಿ ನಮ್ಮ ಮಾರುಕಟ್ಟೆಗೆ ಬರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ತಾಕು 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗುತ್ತಲೇ ಇದ್ದರೂ ವ್ಯಾಪಾರಿಗಳು ಈಗಲೇ ಕೇಳಲು ಶುರುಮಾಡಿದ್ದಾರೆ.

ಉದ್ದೇಶ ಒಳ್ಳೆಯದು, ಅನುಮಾನವೇ ಇಲ್ಲ. ಆದರೆ ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುವ ಕಾಫಿ. ಹಲಸು, ಅತ್ತಿ, ಬೀಟೆ ಮರಗಳ ಕೆಳಗೆ, ಹಕ್ಕಿ ಜೇನುಗಳ ಜೊತೆಗೆ ಬೆಳೆದದ್ದು. ನಾಡಮರಗಳನ್ನು ತೆಗೆದು ತೋಟದ ತುಂಬ ಸಿಲ್ವರ್ ಓಕ್ ಹಾಕಿದವರೂ ಇದ್ದಾರೆ. ಈ ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ. ಅದು ಕೇಳುವುದು ಕಾಡು ಕಡಿದೆಯಾ ಎಂದು, ತೋಟದಲ್ಲಿ ಏನು ಉಳಿಸಿಕೊಂಡೆ ಎಂದಲ್ಲ. ದಾಖಲೆ ಜೋಡಿಸುವ ಖರ್ಚು, ತಿರುಗಾಟ ಎಲ್ಲ ಮೂರು ನಾಲ್ಕು ಎಕರೆಯ ಬೆಳೆಗಾರನ ತಲೆಗೆ. ನೆರಳಿಗೆಂದು ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನುವ ಗಿರಾಕಿ ಅಪರೂಪ. ಷರತ್ತು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ದುಡ್ಡು ಅದರ ಜೊತೆ ಇಳಿಯುವುದಿಲ್ಲ. ಕಂಪನಿಗಳ ಹಸಿರು ಖರೀದಿಯಲ್ಲಿ ನನಗೆ ಕಾಣುವ ದೊಡ್ಡ ದೋಷ ಇದೇ.

ನಮ್ಮಲ್ಲೂ ಷೇರುಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಪ್ರತಿ ವರ್ಷ ಬಿಆರ್‌ಎಸ್‌ಆರ್ ಎಂಬ ವರದಿ ಕೊಡಬೇಕು. ಕಚ್ಚಾ ಮಾಲಿನಲ್ಲಿ ಸುಸ್ಥಿರ ಮೂಲದಿಂದ ಬಂದದ್ದು ಶೇಕಡಾ ಎಷ್ಟು, ಸಣ್ಣ ಉದ್ದಿಮೆಗಳಿಂದ ಕೊಂಡದ್ದು ಎಷ್ಟು ಎಂದು ಅದರಲ್ಲಿ ಕೇಳುತ್ತಾರೆ. ಷೇರು ಕೊಂಡವರು ಆ ಪುಟಗಳನ್ನೂ ತಿರುವಿ ಹಾಕಬೇಕು.

ಮತ್ತೊಂದು ಮಾತನ್ನು ಹಸಿರಿನ ಪಟ್ಟಿಯಲ್ಲಿ ಯಾರೂ ಸೇರಿಸುವುದಿಲ್ಲ: ಸಮಯಕ್ಕೆ ಸರಿಯಾಗಿ ಬಿಲ್ಲು ಕೊಡುವುದು. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಎರಡು ಲೇತ್ ಇಟ್ಟುಕೊಂಡು ದೊಡ್ಡ ಕಾರ್ಖಾನೆಗೆ ಬಿಡಿಭಾಗ ಕೊಡುವವರಿಗೆ ಆರು ತಿಂಗಳು ಹಣ ಬರದಿದ್ದರೆ, ಎಣ್ಣೆ ಎಲ್ಲಿ ಚೆಲ್ಲುತ್ತದೆ, ಕೂಲಿಯವನಿಗೆ ಪಿಎಫ್ ಕಟ್ಟಿದೆಯೇ ಎಂದು ನೋಡುವ ಶಕ್ತಿ ಎಲ್ಲಿಂದ ಬರಬೇಕು? 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗೆ ಬಾಕಿ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ ಎಂಬ ನಿಯಮ 2023-24ರ ಲೆಕ್ಕದಿಂದ ಬಂದಿದೆ. ಹಾಗೆಂದು ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳಲು ಸಿದ್ಧರಿರುವವರು ಎಷ್ಟು ಮಂದಿ? ಮಾಲು ಕೊಂಡವರು, ಸರ್ಕಾರವೇ ಇರಲಿ ಕಂಪನಿಯೇ ಇರಲಿ, ಮೊದಲು ಈ ಬಾಕಿ ತೀರಿಸಲಿ. ಆಮೇಲೆ ಹಸಿರು ಷರತ್ತು ಹಾಕಲಿ.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ಕೇಳುತ್ತಿರುವವರಲ್ಲಿ ಗ್ರಾಮ ಪಂಚಾಯಿತಿ ಸದಸ್ಯರಿದ್ದೀರಿ, ಶಾಲೆಯ ಎಸ್‌ಡಿಎಂಸಿಯಲ್ಲಿರುವ ತಾಯಂದಿರಿದ್ದೀರಿ, ಹಾಲಿನ ಡೇರಿಯ ಕಾರ್ಯದರ್ಶಿಗಳಿದ್ದೀರಿ, ಕಾರ್ಖಾನೆಯ ಖರೀದಿ ವಿಭಾಗದವರೂ ಇರಬಹುದು. ಪಂಚಾಯಿತಿಯ ಬೀದಿದೀಪ, ಶಾಲೆಯ ಫ್ಯಾನು, ನೀರಿನ ಮೋಟಾರು ಇವುಗಳ ಖರೀದಿ ಮುಂದಿನ ಸಭೆಗೆ ಬಂದಾಗ, ದರಪಟ್ಟಿಗೆ ಸಹಿ ಹಾಕುವ ಮುನ್ನ ಮೂರು ವಿಷಯ ಕೇಳಿ: ಇದಕ್ಕೆ ವರ್ಷಕ್ಕೆ ಎಷ್ಟು ಕರೆಂಟು ಬೇಕು? ಎಷ್ಟು ವರ್ಷದ ಗ್ಯಾರಂಟಿ? ಕೆಟ್ಟ ಮೇಲೆ ವಾಪಸ್ ಒಯ್ಯುವವರು ಯಾರು? ಉತ್ತರವನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನಲ್ಲಿ ಬಿಡಬೇಡಿ.